ಎರಡು ಮರಿ ಒಯ್ದ ತಾಯಿ ಮೂರನೆಯದನ್ನು ಯಾಕೆ ಬಿಟ್ಟಳು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ನಾಲೆ ಪಕ್ಕ ಎರಡು ಎಕರೆ ಕೂಳೆ ಕಬ್ಬಿದೆ, ಹಿಂದೆ ಕಡಿದ ಬುಡವೇ ಮತ್ತೆ ಚಿಗುರಿದ್ದು. ಮೂರು ದಿನದ ಹಿಂದೆ ಕಡಿತ ನಡೆಯುವಾಗ ಗದ್ದೆಯ ನಡುವೆ, ತರಗಿನ ಮೇಲೆ ಮೂರು ಮರಿ ಸಿಕ್ಕವು. ಕಣ್ಣು ಬಿಟ್ಟಿವೆ, ತಡವರಿಸುತ್ತಾ ನಡೆಯುತ್ತವೆ. ಮೈಮೇಲೆ ಪಟ್ಟೆಯೂ ಇದೆ, ಚುಕ್ಕೆಯೂ ಇದೆ. ಚಿರತೆ ಮರಿ ಅಂತ ಆಳುಗಳು ಮಚ್ಚು ಅಲ್ಲೇ ಬಿಟ್ಟು ಓಡಿಬಂದರು. ನಮ್ಮ ಯಜಮಾನರು ಮಂಕರಿಯಲ್ಲಿ ಹಾಕಿ ಮನೆಗೆ ತಂದರು. ಫೋಟೊ ನೋಡಿದ ಅರಣ್ಯ ಇಲಾಖೆಯವರು ಇದು ಕಾಡುಬೆಕ್ಕು, ಸಂಜೆ ಅಲ್ಲೇ ಇಟ್ಟುಬನ್ನಿ ಎಂದರು. ಇಟ್ಟೆವು. ಮನಸ್ಸು ತಡೆಯದೆ ಬೆಳಗಿನ ಜಾವ ನಾಲ್ಕೂವರೆಗೆ ಟಾರ್ಚ್ ಹಿಡಿದು ಹೋದರೆ ಎರಡು ಮರಿ ಇರಲಿಲ್ಲ. ಒಂದು ಮಾತ್ರ ಚೀರುತ್ತಾ ಕೂತಿತ್ತು. ಅದು ನನ್ನ ಮಗಳು ಹಿಂದಿನ ದಿನವೆಲ್ಲಾ ಮಡಿಲಲ್ಲಿ ಇಟ್ಟುಕೊಂಡಿದ್ದ ಮರಿ. ಮನುಷ್ಯರ ವಾಸನೆ ಹತ್ತಿದ್ದಕ್ಕೆ ತಾಯಿ ಬಿಟ್ಟುಹೋಯಿತು ಅಂತ ಊರವರೆಲ್ಲ ಹೇಳುತ್ತಿದ್ದಾರೆ. ಮಗಳು ಸರಿಯಾಗಿ ಊಟವನ್ನೂ ಮಾಡುತ್ತಿಲ್ಲ. ಮರಿ ಈಗ ಮನೆಯಲ್ಲೇ ಇದೆ. ಹಸುವಿನ ಹಾಲು ಕೊಡುತ್ತಿದ್ದೇವೆ, ಭೇದಿ ಶುರುವಾಗಿದೆ. ಸಾಕಿಕೊಳ್ಳಬಹುದಾ? ದೊಡ್ಡದಾದರೆ ನಮ್ಮ ಕೋಳಿಗಳ ಗತಿ ಏನು? ಇನ್ನೂ ಅರ್ಧ ಎಕರೆ ಕಡಿಯುವುದಿದೆ. ಮರಿ ಎತ್ತುವಾಗ ಮಗಳ ಕೈಗೆ ಪರಚಿದೆ, ಅರಿಶಿನ ಹಚ್ಚಿದ್ದೇವೆ.

ಉತ್ತರ: ನಮಸ್ಕಾರ. ನಿಮಗೆ ಫೋನಿನಲ್ಲಿ ಅವಸರದಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಬ್ಬು ಬೆಳೆಯುವ ಊರುಗಳಲ್ಲಿ ಈ ಕಷ್ಟ ನಿಮ್ಮೊಬ್ಬರದೇ ಅಲ್ಲ.

ಎಲ್ಲಕ್ಕಿಂತ ಮೊದಲು ಮಗಳ ಕೈ. ಮರಿ ಎಷ್ಟೇ ಚಿಕ್ಕದಿರಲಿ, ಅದು ಕಾಡುಪ್ರಾಣಿ. ಚರ್ಮ ಹರಿಯುವಂತೆ ಪರಚಿದ್ದರೆ ರೇಬೀಸ್ ಲಸಿಕೆ ಹಾಕಿಸಲೇಬೇಕು. ಅರಿಶಿನ ತೊಳೆದುಹಾಕಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಮೂರು ದಿನ ಆಗಿಹೋಯಿತಲ್ಲ ಅಂತ ಬಿಡಬೇಡಿ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಅಥವಾ ಮರಿ ಕಚ್ಚಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆಗ ಲಸಿಕೆಯ ಜೊತೆ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತದೆ. ಆ ಮರಿಗೆ ರೇಬೀಸ್ ಇರುವ ಸಂಭವ ಬಹಳ ಕಡಿಮೆ. ಆದರೆ ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧಿಯಿಲ್ಲ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಈಗ ಮಗಳ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ವಾಸನೆಗೆ ತಾಯಿ ಬಿಟ್ಟಳಾ? ಇಲ್ಲ. ಆ ಮಗುವಿಗೆ ಇದನ್ನು ಇವತ್ತೇ ಹೇಳಿಬಿಡಿ. ಬೆಕ್ಕಿನ ಜಾತಿಯ ತಾಯಿ ವಾಸನೆಯಿಂದ ಮರಿಯನ್ನು ಗುರುತಿಸುವುದು ನಿಜ. ಆದರೆ ಮನುಷ್ಯನ ವಾಸನೆ ಸೇರಿತು ಅಂತ ತನ್ನ ಮರಿಯನ್ನು ತೊರೆಯುವುದಿಲ್ಲ. ನಾವು ಪಶುವೈದ್ಯರು ಮರಿಗಳನ್ನು ಎತ್ತಿ, ತೂಗಿ, ಪರೀಕ್ಷೆ ಮಾಡಿ ತಾಯಿಯ ಪಕ್ಕ ವಾಪಸ್ ಇಡುತ್ತೇವೆ. ತಾಯಿ ಒಂದೆರಡು ಸಲ ಮೂಸಿ, ನೆಕ್ಕಿ, ಹತ್ತಿರ ಎಳೆದುಕೊಳ್ಳುತ್ತಾಳೆ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಚಿರತೆ ಮರಿಗಳನ್ನು, ಕಾಡುಬೆಕ್ಕಿನ ಮರಿಗಳನ್ನು ಅರಣ್ಯ ಇಲಾಖೆಯವರೂ ಅಲ್ಲಿನ ವನ್ಯಜೀವಿ ವೈದ್ಯರೂ ಸೇರಿ ಎಷ್ಟೋ ಸಲ ತಾಯಿಗೆ ಒಪ್ಪಿಸಿದ್ದಾರೆ. ಅವೆಲ್ಲ ಮನುಷ್ಯರ ಕೈ ದಾಟಿ ಬಂದ ಮರಿಗಳೇ. ನಿಮ್ಮ ವಿಷಯದಲ್ಲಿಯೇ ನೋಡಿ. ತಾಯಿ ಒಯ್ದ ಆ ಎರಡು ಮರಿಗಳನ್ನು ನಿಮ್ಮ ಯಜಮಾನರು ಕೈಯಾರೆ ಎತ್ತಿ ಮಂಕರಿಗೆ ಹಾಕಿರಲಿಲ್ಲವೇ? ಅವಕ್ಕೂ ವಾಸನೆ ಹತ್ತಿತ್ತಲ್ಲ.

ಹಾಗಾದರೆ ಒಂದು ಯಾಕೆ ಉಳಿಯಿತು? ನಿಮ್ಮ ಪತ್ರದಲ್ಲೇ ಸುಳಿವಿದೆ. ಬೆಕ್ಕು ಒಂದು ಸಲಕ್ಕೆ ಒಂದೇ ಮರಿಯನ್ನು, ಕತ್ತಿನ ಹಿಂಭಾಗದ ಚರ್ಮ ಕಚ್ಚಿಕೊಂಡು ಒಯ್ಯುತ್ತದೆ. ಹಳೆಯ ಜಾಗ ಬಯಲಾಗಿರುವುದರಿಂದ ಅವಳು ಹೊಸ ಜಾಗ ಹುಡುಕಿರಬೇಕು. ಮೊದಲನೆಯದನ್ನು ಒಯ್ದು ಮಲಗಿಸಬೇಕು, ಸುತ್ತ ನೋಡಬೇಕು, ಮತ್ತೆ ಬರಬೇಕು. ದಾರಿಯಲ್ಲಿ ನಾಯಿ ಬೊಗಳಿದರೆ, ಯಾರಾದರೂ ಗದ್ದೆಗೆ ನೀರು ಕಟ್ಟಲು ಬಂದರೆ ಬದುವಿನ ಮರೆಯಲ್ಲಿ ಕೂತು ಕಾಯುತ್ತಾಳೆ. ಎರಡು ಮರಿ ಸಾಗಿಸುವಷ್ಟರಲ್ಲಿ ರಾತ್ರಿ ಬಹುಪಾಲು ಕಳೆದಿರುತ್ತದೆ. ಮೂರನೆಯದಕ್ಕೆ ಬರುವ ಹೊತ್ತಿಗೆ ನಾಲ್ಕೂವರೆಗೆ ಟಾರ್ಚ್ ಬೆಳಕು ಬಂದಿದೆ. ನಿಮ್ಮನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನಿಮ್ಮ ಜಾಗದಲ್ಲಿ ಯಾರಿದ್ದರೂ ಆತಂಕಕ್ಕೆ ಹಾಗೇ ಎದ್ದು ಹೋಗುತ್ತಿದ್ದರು. ಆದರೆ ಮೂರನೆಯ ಸುತ್ತಿಗೆ ಅವಳಿಗೆ ಕತ್ತಲೆ ಸಾಲಲಿಲ್ಲ, ಅಷ್ಟೇ ಆಗಿರುವುದು ಅಂತ ನನ್ನ ಅಂದಾಜು. ಮಡಿಲಲ್ಲಿ ಇಟ್ಟುಕೊಂಡಿದ್ದ ಮರಿಯೇ ಉಳಿದದ್ದು ಕಾಕತಾಳೀಯ. ಮೂರರಲ್ಲಿ ಯಾವುದಾದರೂ ಒಂದು ಕೊನೆಗೆ ಉಳಿಯಲೇಬೇಕಿತ್ತು.

ಚಿರತೆಯ ಭಯದ ಬಗ್ಗೆಯೂ ಹೇಳಬೇಕು. ನಿಮ್ಮ ಆಳುಗಳು ಓಡಿದ್ದು ತಪ್ಪಲ್ಲ. ಮಂಡ್ಯ, ಮೈಸೂರು ಕಡೆ ಕಬ್ಬಿನಲ್ಲಿ ಚಿರತೆ ಮರಿ ಹಾಕುವುದು ನಿಜ. ಅಂಥ ಕಡೆ ಮರಿ ಕಂಡರೆ ಮೊದಲು ಎಲ್ಲರೂ ಗದ್ದೆಯಿಂದ ಆಚೆ ಬಂದು, ಆಮೇಲೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡುವುದೇ ಸರಿ. ಗುರುತು ಹಿಡಿಯುವುದು ದೂರದಿಂದ, ಫೋಟೊದಲ್ಲಿ ಆಗಬೇಕು. ಚಿರತೆ ಮರಿ ಹುಟ್ಟುವಾಗಲೇ ಅರ್ಧ ಕಿಲೊ ಆಸುಪಾಸು ಇರುತ್ತದೆ. ಕಾಲು ದಪ್ಪ, ಪಂಜ ಮೈಗೆ ಮೀರಿದ್ದು, ಬಾಲ ಉದ್ದ. ಮೈಯೆಲ್ಲಾ ಒತ್ತೊತ್ತಾಗಿ ಕಪ್ಪು ಮಚ್ಚೆ. ನೀವು ಕಳಿಸಿದ ಫೋಟೊದಲ್ಲಿರುವ ಮರಿಯ ಕಾಲು ತೆಳ್ಳಗೆ ಉದ್ದ, ಕಿವಿ ಎತ್ತರ, ಬಾಲ ಗಿಡ್ಡ. ಬಾಲದ ತುದಿಯಲ್ಲಿ ಕಪ್ಪು ಬಳೆಗಳಿವೆ. ಮೈಮೇಲಿನ ಪಟ್ಟೆ ಮಸುಕು. ದೊಡ್ಡದಾಗುತ್ತಾ ಆ ಪಟ್ಟೆ ಅಳಿಸಿಹೋಗಿ ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಮುಂಗಾಲು, ಹಿಂಗಾಲು, ಬಾಲದಲ್ಲಿ ಮಾತ್ರ ಗುರುತು ಉಳಿಯುತ್ತದೆ. ಅನುಮಾನವೇ ಇಲ್ಲ, ಇದು ಕಾಡುಬೆಕ್ಕು. ವಯಸ್ಸು ಮೂರರಿಂದ ನಾಲ್ಕು ವಾರ ಇರಬಹುದು. ಇವು 10ರಿಂದ 12 ದಿನಕ್ಕೆ ಕಣ್ಣು ಬಿಡುತ್ತವೆ.

ನಮ್ಮಲ್ಲಿ ಕಾಡುಬೆಕ್ಕು ಎನ್ನುವ ಹೆಸರನ್ನು ಸಿಕ್ಕಸಿಕ್ಕ ಪ್ರಾಣಿಗೆಲ್ಲ ಇಡುತ್ತಾರೆ. ಹೆಂಚಿನ ಮೇಲೆ ರಾತ್ರಿ ಓಡಾಡುವ ಕಬ್ಬೆಕ್ಕು, ಪುನುಗು ಇವು ಬೆಕ್ಕಿನ ಕುಟುಂಬದವೇ ಅಲ್ಲ. ನಿಜವಾದ ಸಣ್ಣ ಬೆಕ್ಕುಗಳಲ್ಲಿ ಮಲೆನಾಡಿನ ಹುಲಿಬೆಕ್ಕು ಇದೆ, ಅದರ ಮೈಮೇಲೆ ಎದ್ದು ಕಾಣುವ ಕಪ್ಪು ಚುಕ್ಕೆ. ಇನ್ನೊಂದು ಪುಟಾಣಿ ಇದೆ, ತುಕ್ಕಿನ ಬಣ್ಣದ ಚುಕ್ಕೆಗಳದು. ದೊಡ್ಡದಾದರೂ ತೂಕ ಒಂದೂವರೆ ಕಿಲೊ ಆಸುಪಾಸು, ಪ್ರಪಂಚದ ಅತಿ ಸಣ್ಣ ಬೆಕ್ಕುಗಳಲ್ಲಿ ಒಂದು. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಅದೂ ಕಬ್ಬಿನಲ್ಲಿ ಮರಿ ಹಾಕುತ್ತದೆ, ಮತ್ತು ಜನ ಅದನ್ನೂ ಚಿರತೆ ಮರಿ ಎಂದೇ ಹೆದರುತ್ತಾರೆ. ಹಣೆಯ ಮೇಲೆ ಉದ್ದಕ್ಕೆ ಎಳೆದ ಪಟ್ಟೆ ನೋಡಿ ಗುರುತಿಸಬಹುದು.

ಕಾಡುಬೆಕ್ಕು ಅಂತ ಹೆಸರಿದ್ದರೂ ಇದು ದಟ್ಟ ಕಾಡಿನ ಪ್ರಾಣಿಯಲ್ಲ. ಈಜಿಪ್ಟಿನ ನೈಲ್ ನದಿಯ ಬಯಲಿನಿಂದ ಹಿಡಿದು ವಿಯೆಟ್ನಾಂವರೆಗೆ ಇರುವ ಬೆಕ್ಕು ಇದು. ಎಲ್ಲಿ ನೋಡಿದರೂ ಒಂದೇ ಥರದ ಜಾಗ ಹುಡುಕುತ್ತದೆ: ಹತ್ತಿರದಲ್ಲಿ ನೀರು, ಆಳೆತ್ತರದ ಜೊಂಡು ಅಥವಾ ಹುಲ್ಲು, ಅದರಡಿಯಲ್ಲಿ ಇಲಿ, ಕಪ್ಪೆ, ಹಕ್ಕಿ. ಚೆನ್ನಾಗಿ ಈಜುತ್ತದೆ ಕೂಡ. ಈಗ ನಿಮ್ಮ ಗದ್ದೆಯನ್ನು ಅದರ ಕಣ್ಣಿನಿಂದ ನೋಡಿ. ಒಂದು ಕಡೆ ನಾಲೆ. ಎರಡಾಳು ಎತ್ತರದ ಕಬ್ಬು. ತಿಂಗಳುಗಟ್ಟಲೆ ಯಾರೂ ಒಳಗೆ ನುಗ್ಗುವುದಿಲ್ಲ. ಕೂಳೆ ಕಬ್ಬಾದ್ದರಿಂದ ಕೆಳಗೆ ಹಾಸಿಗೆಯ ಹಾಗೆ ತರಗು, ಅದರ ಕೆಳಗೆ ಹೆಗ್ಗಣದ ಬಿಲ. ಕೆರೆಯಂಚಿನ ಜೊಂಡು ಕಡಿಮೆಯಾದ ಕಡೆ ಕಬ್ಬೇ ಅದರ ಜೊಂಡು. ಅದು ದಾರಿ ತಪ್ಪಿ ನಿಮ್ಮ ಗದ್ದೆಗೆ ಬಂದದ್ದಲ್ಲ, ಅಲ್ಲೇ ಬಾಳುತ್ತಿರುವ ಪ್ರಾಣಿ. ಎರಡು ತಿಂಗಳ ಬಸಿರು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಬಾಣಂತನಕ್ಕೆ ಅದು ಆರಿಸುವ ಜಾಗ ಗದ್ದೆಯ ನಟ್ಟನಡುವೆ. ಕಡಿತ ಶುರುವಾದಾಗ ತಾಯಿ ಓಡಬಲ್ಲಳು, ಮರಿ ಓಡಲಾರವು.

ಇಲಿಯ ಮಾತು ಬಂದಿದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಡುಬೆಕ್ಕಿನ ಹಿಕ್ಕೆ ಪರೀಕ್ಷಿಸಿ ಮಾಡಿದ ಅಧ್ಯಯನದ ಪ್ರಕಾರ ಒಂದು ಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ತಿನ್ನುತ್ತದೆ. ವರ್ಷಕ್ಕೆ ಸಾವಿರಕ್ಕೂ ಮೇಲಾಯಿತು. ಕಬ್ಬಿನ ಬುಡ ಕಡಿದು ಹಾಕುವ ಹೆಗ್ಗಣದ ಕಾಟ ನಿಮಗೆ ಗೊತ್ತೇ ಇದೆ. ಇಲಿ ಪಾಷಾಣ ಇಡುವವರಿಗೂ ಒಂದು ಮಾತು. ಬ್ರೋಮಾಡಿಯೋಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ, ನಿಧಾನಕ್ಕೆ ಓಡಾಡುತ್ತದೆ. ಬೆಕ್ಕಿಗೆ ಅದೇ ಸುಲಭದ ಬೇಟೆ. ಅಂಥ ಇಲಿಗಳನ್ನು ತಿಂದ ಬೆಕ್ಕು ಒಳಗೊಳಗೇ ರಕ್ತ ಸೋರಿ ಸಾಯುತ್ತದೆ.

ಕೋಳಿ ಹಿಡಿಯುವುದಿಲ್ಲ ಅಂತ ಸುಮ್ನೆ ಸುಳ್ಳು ಹೇಳಲಾರೆ. ಹಿಡಿಯುತ್ತದೆ. ಮರಿಗಳಿರುವ ತಾಯಿಗಂತೂ ಹಿತ್ತಿಲ ಕೋಳಿ ಕೈಗೆಟುಕುವ ಊಟ. ಆದರೆ ಇದನ್ನು ತಡೆಯುವುದು ಕಷ್ಟವಲ್ಲ. ಸಂಜೆ ಬೆಳಕಿರುವಾಗಲೇ ಕೋಳಿ ಒಳಗೆ ಹೋಗಬೇಕು. ಮಂಕರಿ ಕವುಚಿದರೆ ಮೇಲೊಂದು ಭಾರದ ಕಲ್ಲು. ಗೂಡಾದರೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಅದರ ಕೆಳಗಿನ ಅಂಚನ್ನು ಒಂದು ಗೇಣು ಮಣ್ಣಿನೊಳಗೆ ಹೂಳಿ. ಬಾಗಿಲಿಗೆ ಹಗ್ಗ ಕಟ್ಟದೆ ಚಿಲಕ ಹಾಕಿ. ಈ ಬೆಕ್ಕನ್ನು ಹಿಡಿದು ದೂರ ಬಿಟ್ಟರೂ ಪ್ರಯೋಜನವಿಲ್ಲ. ಇಲಿಯೂ ಮರೆಯೂ ಇರುವ ಜಾಗಕ್ಕೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ.

ಸಾಕಬಹುದಾ ಎಂದು ಕೇಳಿದ್ದೀರಿ. ಕಾನೂನಿನ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕುವಂತಿಲ್ಲ. ಇಂಥ ಪ್ರಾಣಿ ಯಾರ ಕೈಗೆ ಬಂದರೂ 48 ಗಂಟೆಯೊಳಗೆ ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸಬೇಕು. ನೀವು ಮೊದಲ ದಿನವೇ ಹೇಳಿದ್ದೀರಿ, ಒಳ್ಳೆಯದಾಯಿತು. ಉಳಿದ ಮರಿ ಮತ್ತೆ ಮನೆಯಲ್ಲಿದೆ ಎಂಬುದನ್ನೂ ಇವತ್ತು ತಿಳಿಸಿ.

ಕಾನೂನು ಹಾಗಿರಲಿ, ಮರಿಯ ಕಡೆಯಿಂದ ಯೋಚಿಸಿ. ಹಸುವಿನ ಹಾಲಿಗಿಂತ ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಸುಮಾರು ಎರಡು ಪಟ್ಟು. ಹಸುವಿನ ಹಾಲಿನ ಸಕ್ಕರೆ ಅಂಶ ಈ ಹೊಟ್ಟೆಗೆ ಸರಿಯಾಗಿ ಅರಗುವುದಿಲ್ಲ. ಈಗ ಆಗುತ್ತಿರುವ ಭೇದಿಗೆ ಅದೇ ಕಾರಣ ಇರಬೇಕು. ಇನ್ನೂ ದೊಡ್ಡ ಅಪಾಯ ಹಾಲು ಕುಡಿಸುವ ರೀತಿಯಲ್ಲಿದೆ. ನನ್ನ ಹತ್ತಿರ ತಂದ ಒಂದು ಮರಿಯ ನೆನಪು ಇವತ್ತಿಗೂ ಹೋಗಿಲ್ಲ. ಒಬ್ಬ ಹುಡುಗ ಶಾಲೆಯ ಬ್ಯಾಗಿನಲ್ಲಿ ಟವಲ್ ಹಾಸಿ, ಅದರಲ್ಲಿ ಮಲಗಿಸಿಕೊಂಡು ಬಂದಿದ್ದ. ಮನುಷ್ಯರ ಮಗುವಿನ ಹಾಗೆ ಅಂಗಾತ ಹಿಡಿದು ಫಿಲ್ಲರಿನಲ್ಲಿ ಹಾಲು ಬಿಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಗೊರಗೊರ ಸದ್ದು. ಹಾಲು ಶ್ವಾಸಕೋಶಕ್ಕೆ ಇಳಿದಿತ್ತು. ರಾತ್ರಿಯಿಡೀ ಕಷ್ಟಪಟ್ಟೆವು, ಉಳಿಸಲು ಆಗಲಿಲ್ಲ.

ಬದುಕಿ ದೊಡ್ಡದಾದರೂ ಕಷ್ಟ ಮುಗಿಯುವುದಿಲ್ಲ. ಹಾಲು ಅನ್ನ ಮಾತ್ರ ತಿಂದು ಬೆಳೆದ ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಊರ ಬೆಕ್ಕುಗಳಿಂದ ಹರಡುವ ವಾಂತಿಭೇದಿಯ ವೈರಸ್ ರೋಗ ಬಂದರೆ ಇಂಥ ಮರಿ ಉಳಿಯುವುದು ಅಪರೂಪ. ಎಂಟು ಒಂಬತ್ತು ತಿಂಗಳು ತಾಯಿಯ ಹಿಂದೆ ತಿರುಗಿ ಬೇಟೆ ಕಲಿಯಬೇಕಾದ ಪ್ರಾಣಿ ಇದು. ಅಷ್ಟು ಹೊತ್ತಿಗೆ ಅದು ನಿಮ್ಮ ಮನೆಯಲ್ಲಿ ಬಾಗಿಲು ಮುಚ್ಚಿದರೆ ಗೋಡೆ ಹತ್ತುವ, ಕೈಗೆ ಬಾಯಿ ಹಾಕುವ ದೊಡ್ಡ ಬೆಕ್ಕಾಗಿರುತ್ತದೆ. ಮನುಷ್ಯರ ಭಯ ಇರುವುದಿಲ್ಲ, ಬೇಟೆಯೂ ಗೊತ್ತಿರುವುದಿಲ್ಲ. ಆಚೆ ಬಿಟ್ಟರೆ ಮೊದಲು ಹೋಗುವುದೇ ಪಕ್ಕದ ಮನೆಯ ಕೋಳಿಗೂಡಿಗೆ.

ಹಾಗಾಗಿ ನಿಮ್ಮ ಮುಂದಿರುವ ದಾರಿ ಎರಡೇ. ಮೊದಲನೆಯದು ಇನ್ನೊಮ್ಮೆ ತಾಯಿಗೆ ಒಪ್ಪಿಸುವ ಪ್ರಯತ್ನ. ಎರಡನೆಯದು ಇಲಾಖೆಯ ಮೂಲಕ ಪುನರ್ವಸತಿ ಕೇಂದ್ರಕ್ಕೆ ಕೊಡುವುದು. ಮೈಸೂರು ಬಳಿಯ ಕೂರ್ಗಳ್ಳಿಯಲ್ಲಿ, ಬನ್ನೇರುಘಟ್ಟದಲ್ಲಿ ಅಂಥ ಕೇಂದ್ರಗಳಿವೆ. ಎಲ್ಲಿಗೆ ಎಂಬುದನ್ನು ಇಲಾಖೆಯವರು ತೀರ್ಮಾನಿಸುತ್ತಾರೆ. ಅಲ್ಲಿ ಮರಿ ಬದುಕುವ ಸಾಧ್ಯತೆ ಮನೆಗಿಂತ ಜಾಸ್ತಿ. ಆದರೆ ಒಂಟಿಯಾಗಿ ಬೆಳೆದ ಮರಿ ಮತ್ತೆ ಗದ್ದೆಗೆ ಮರಳುವುದು ಕಷ್ಟ. ಎಷ್ಟೋ ಸಲ ಜೀವನವಿಡೀ ಬೋನಿನಲ್ಲೇ ಉಳಿಯುತ್ತದೆ. ಅದಕ್ಕೇ ನಾನು ಮೊದಲ ದಾರಿಗೆ ಇನ್ನೆರಡು ರಾತ್ರಿ ಕೊಡಿ ಎನ್ನುತ್ತೇನೆ. ತಾಯಿ ಇನ್ನೂ ಹತ್ತಿರದಲ್ಲಿದ್ದಾಳೆ, ಎರಡು ಮರಿಗೆ ಹಾಲೂಡಿಸುತ್ತಿದ್ದಾಳೆ. ದಿನ ಕಳೆದಷ್ಟೂ ಅವಕಾಶ ಕಡಿಮೆಯಾಗುತ್ತದೆ. ಅಪಾಯವೂ ಇದೆ, ಮುಚ್ಚಿಡುವುದಿಲ್ಲ: ನಾಯಿ, ಇರುವೆ, ಚಳಿ. ಭೇದಿಯಿಂದ ಮರಿ ಸೊರಗಿದ್ದರೆ, ಮುಟ್ಟಿದರೆ ತಣ್ಣಗಿದ್ದರೆ ಇವತ್ತು ಇಡಬೇಡಿ. ಮೊದಲು ಹತ್ತಿರದ ಪಶುವೈದ್ಯರಿಗೆ ತೋರಿಸಿ.

ಮರಿ ಚುರುಕಾಗಿದ್ದರೆ ಹೀಗೆ ಮಾಡಿ. ಹಸುವಿನ ಹಾಲು ನಿಲ್ಲಿಸಿ. ಪೇಟೆಯಲ್ಲಿ ಬೆಕ್ಕಿನ ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ತರಿಸಿ. ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮರಿಯ ಪಕ್ಕ ಇಡಿ. ಮೈ ಬೆಚ್ಚಗಾದ ಮೇಲೆಯೇ ಹಾಲು. ಹೊಟ್ಟೆ ಕೆಳಗಾಗಿ, ತಾಯಿಯ ಹತ್ತಿರ ಕುಡಿಯುವ ಹಾಗೆಯೇ ಇರಲಿ, ತಲೆ ಸ್ವಲ್ಪ ಮೇಲೆ. ತೊಟ್ಟು ತೊಟ್ಟಾಗಿ ಕೊಡಿ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಒರೆಸಿ. ತಾಯಿ ನೆಕ್ಕಿದರೆ ಮಾತ್ರ ಉಚ್ಚೆ ಹೊಯ್ಯುವ ವಯಸ್ಸು ಈಗಷ್ಟೇ ಮುಗಿಯುತ್ತಿದೆ. ಕೊನೆಯ ಹಾಲು ಸಂಜೆ ನಾಲ್ಕು ಗಂಟೆಗೆ ಸಾಕು. ರಾತ್ರಿ ಅದು ಹಸಿದು ಕೂಗಬೇಕು. ಆ ಕೂಗೇ ತಾಯಿಯನ್ನು ಕರೆಯುವುದು.

ಉಳಿದ ಅರ್ಧ ಎಕರೆಯ ಕಡಿತವನ್ನು ಎರಡು ದಿನ ಮುಂದೂಡಲು ಕಾರ್ಖಾನೆಯ ಫೀಲ್ಡ್‌ಮ್ಯಾನ್ ಹತ್ತಿರ ಕೇಳಿ ನೋಡಿ. ಆಗುವುದೇ ಇಲ್ಲವೆಂದರೆ ಮರಿ ಸಿಕ್ಕ ಜಾಗದ ಕಡೆಯ ನಾಲ್ಕಾರು ಸಾಲನ್ನಾದರೂ ಕೊನೆಗೆ ಉಳಿಸಿ. ಕಡಿಯುವಾಗ ಸುತ್ತಲಿಂದ ಒಳಗೆ ಹೋಗಬೇಡಿ. ಒಂದು ಬದಿಯಿಂದ ಶುರುಮಾಡಿ ನಾಲೆಯ ಕಡೆಗೆ ಸಾಗಿ, ಒಳಗಿರುವ ಪ್ರಾಣಿಗೆ ಓಡಲು ದಾರಿ ಇರುತ್ತದೆ. ಕಡಿದಾದ ಮೇಲೆ ದಯವಿಟ್ಟು ತರಗಿಗೆ ಬೆಂಕಿ ಹಾಕಬೇಡಿ. ಅವಳು ಉಳಿದ ಎರಡು ಮರಿಗಳನ್ನು ಎಲ್ಲಿ ಇಟ್ಟಿದ್ದಾಳೋ ನಮಗೆ ತಿಳಿಯದು, ಪಕ್ಕದ ತರಗಿನ ರಾಶಿಯೇ ಆಗಿರಬಹುದು. ತರಗನ್ನು ಸಾಲಿನ ನಡುವೆ ಹರಡಿದರೆ ನೆಲದ ತೇವವೂ ಉಳಿಯುತ್ತದೆ.

ಸಂಜೆ ಮರಿಯನ್ನು ಗದ್ದೆಯಲ್ಲಿ ಇಡುವ ಬುಟ್ಟಿ ಒಂದು ಗೇಣಿಗಿಂತ ಸ್ವಲ್ಪ ಎತ್ತರ ಇರಲಿ. ಮರಿ ಹತ್ತಿ ಆಚೆ ಬೀಳಬಾರದು, ತಾಯಿ ಸುಲಭವಾಗಿ ಬಾಯಿ ಹಾಕಬೇಕು. ಒಳಗೆ ಅದೇ ಗದ್ದೆಯ ತರಗು ಹಾಸಿ. ಮರಿ ಸಿಕ್ಕ ಜಾಗಕ್ಕೆ ಅತಿ ಹತ್ತಿರದಲ್ಲಿ, ನಿಂತ ಕಬ್ಬಿನ ಅಂಚಿನಲ್ಲಿ ಇಡಿ. ಇಡುವ ಮೊದಲು ನೆಲದಲ್ಲಿ ಕೆಂಜಿರುವೆ ಸಾಲು ಇದೆಯಾ ನೋಡಿ. ಮನೆ ನಾಯಿ ಕಟ್ಟಿಹಾಕಿ, ಅಕ್ಕಪಕ್ಕದವರಿಗೂ ಹೇಳಿ. ಕತ್ತಲಾಗುತ್ತಿದ್ದ ಹಾಗೆ ಇಟ್ಟು ಹಿಂದೆ ತಿರುಗಿ ನೋಡದೆ ಬನ್ನಿ. ಇಲಾಖೆಯವರ ಹತ್ತಿರ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಸುಳಿದರೆ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ, ಇದ್ದರೆ ಅದನ್ನು ಕಟ್ಟಲಿ. ನೀವ್ಯಾರೂ ಬೆಳಿಗ್ಗೆ ಏಳರ ತನಕ ಆ ಕಡೆ ಹೋಗಬೇಡಿ, ಟಾರ್ಚೂ ಬೇಡ.

ಕ್ಯಾಮೆರಾ ಇಲ್ಲದಿದ್ದರೆ ಒಂದು ಉಪಾಯ ಇದೆ. ಬುಟ್ಟಿಯ ಸುತ್ತ ಒಂದು ಮಾರು ಅಗಲಕ್ಕೆ ಜರಡಿ ಹಿಡಿದ ನುಣ್ಣನೆ ಮಣ್ಣು ಹರಡಿ, ಕೈಯಿಂದ ಸವರಿ ಮಟ್ಟ ಮಾಡಿ. ಬೆಳಿಗ್ಗೆ ಮಗಳನ್ನೂ ಕರೆದುಕೊಂಡು ಹೋಗಿ. ಬುಟ್ಟಿ ಖಾಲಿ ಇದ್ದರೆ ಮಣ್ಣು ನೋಡಿ. ನಾಯಿಯ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರಿನ ಗುರುತು ಕಾಣುತ್ತದೆ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ನಾಲ್ಕು ದುಂಡು ಬೆರಳು, ಹಿಂದೆ ಮೂರು ಉಬ್ಬಿನ ಅಂಗಾಲು, ಎಲ್ಲಾ ಸೇರಿ 5 ಸೆಂಟಿಮೀಟರ್ ಆಸುಪಾಸು. ಅಂಥ ಹೆಜ್ಜೆ ಬುಟ್ಟಿಯ ತನಕ ಬಂದು ಕಬ್ಬಿನ ಕಡೆ ತಿರುಗಿದ್ದರೆ ಅದು ಅವಳೇ. ಆ ಹೆಜ್ಜೆಯನ್ನು ಮಗಳು ಎಷ್ಟು ಹೊತ್ತು ಬೇಕಾದರೂ ನೋಡಲಿ, ಅಳತೆ ಹಿಡಿಯಲಿ, ಫೋಟೊ ತೆಗೆದು ನನಗೂ ಕಳಿಸಲಿ. ಹೆಜ್ಜೆಯ ಜಾಡು ಹಿಡಿದು ಕಬ್ಬಿನೊಳಗೆ ಮಾತ್ರ ಹೋಗಬೇಡಿ.